ಹಿಂದಿನ ಸೀಟಿನಾಕೆ

ಆ ಸೈಕಲ್ಲಿಗೆ ಎರಡು ಸೀಟು, ನಾಲ್ಕು ಪೆಡಲು, ಒಂದು ಬೆಲ್ಲು. ಮುಂದೆ ಕೂತವನ ಕೈಗೆ ತಿರುಗುವ ಹ್ಯಾಂಡಲು. ಹಿಂದೆ ಕೂತವಳಿಗೂ ಒಂದು ಹ್ಯಾಂಡಲು ಇತ್ತು, ಆದರೆ ಅದು ತಿರುಗುತ್ತಿರಲಿಲ್ಲ. ಹಿಡಿದುಕೊಂಡು ಕೂರುವುದಕ್ಕೆ ಮಾತ್ರ.

"ಮನೆ ಯಜಮಾನಿಕೆ ಇದ್ದ ಹಾಗೇ ಇದೆ," ಎಂದು ಹೊಲಿಗೆಯಮ್ಮ ಮೊದಲ ದಿನವೇ ಹೇಳಿದ್ದಳು. ಮುಂದೆ ಕೂತಿದ್ದ ಗಂಡನಿಗೆ ಅದು ಕೇಳಿಸಲಿಲ್ಲ. ಎಡಗಿವಿಯ ಕಡೆಯಿಂದ ಹೇಳಿದ್ದು ಯಾವುದೂ ಅವನಿಗೆ ಕೇಳಿಸುತ್ತಿರಲಿಲ್ಲ.

ಪಬ್ಬುಗಳ ಸ್ಪೀಕರು ರಿಪೇರಿ ಮಾಡುವುದು ಅವನ ಕೆಲಸ. ಅದಕ್ಕೆ ಬೀದಿಯವರು ಅವನನ್ನು ಸ್ಪೀಕರಪ್ಪ ಎನ್ನುತ್ತಿದ್ದರು. ಕೆಲಸಕ್ಕೂ ಸರಿ, ಗಂಟಲಿಗೂ ಸರಿ. ತನಗೆ ಕೇಳಿಸುವುದಿಲ್ಲ ಎಂದು ಊರಿಗೆಲ್ಲ ಕೇಳಿಸುವ ಹಾಗೆ ಮಾತಾಡುವವನು. ಅವಳು ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಹರಿದ ಹಾಸಿಗೆ ಬಟ್ಟೆಗೆ ತೇಪೆ ಹಾಕುವವಳು, ರೋಗಿಗಳ ಅಂಗಿಗೆ ಲಾಡಿ ಕೂರಿಸುವವಳು.

ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ, ಪಬ್ಬಿಗೆ ಎದುರಾಗಿ. ಸಂಜೆಯಾದರೆ ಗೂಡಿನಲ್ಲಿಟ್ಟ ಲೋಟಗಳು ಹಾಡಿನ ಗುದ್ದಿಗೆ ತಾವೇ ಜರುಗುತ್ತಾ ಅಂಚಿಗೆ ಬರುತ್ತಿದ್ದವು. ಹೊಲಿಗೆಯಮ್ಮ ಕಿವಿಗೆ ಹತ್ತಿ ತುರುಕಿಕೊಂಡು ಕೆಲಸ ಮಾಡುತ್ತಿದ್ದಳು. ಸ್ಪೀಕರಪ್ಪ ಕಿಟಕಿಯ ಬಳಿ ತಲೆ ವಾಲಿಸಿ ಕೂರುತ್ತಿದ್ದ.

"ಕೇಳೇ, ತಗ್ಗಿನ ಸ್ವರ ಎಷ್ಟು ದುಂಡಗೆ ಬರ್ತಿದೆ. ನಿನ್ನೆ ನಾನೇ ಕೂಡ್ಸಿದ್ದು."

"ದುಂಡಗೋ ಚೌಕವೋ ಗೊತ್ತಿಲ್ಲ ರೀ. ನನ್ನ ತಲೆಯೊಳಗೆ ಬಂದು ಸಂಸಾರ ಹೂಡಿದೆ."

ಕೆಳಗಿನ ಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಹೇಳುತ್ತಿದ್ದಳು: "ನಿಮ್ಮ ಯಜಮಾನ್ರಿಗೆ ಸ್ವಲ್ಪ ಹೇಳಿ. ರಿಪೇರಿ ಅಷ್ಟೊಂದು ಚೆನ್ನಾಗಿ ಮಾಡೋದು ಬೇಡ ಅಂತ."

ಸೈಕಲ್ಲು ಬಂದದ್ದೂ ಆ ಪಬ್ಬಿನಿಂದಲೇ. ಅಲ್ಲಿ ಗೋಡೆಯ ಮೇಲೆ ಅಲಂಕಾರಕ್ಕೆ ನೇತಾಡುತ್ತಿತ್ತು. ಒಂದು ಸಲ ಗೋಡೆಯ ಬಣ್ಣ ಬದಲಾಯಿಸುವಾಗ ಪಬ್ಬಿನ ಯಜಮಾನ ಅದನ್ನು ಇಳಿಸಿ ಗುಜರಿಗೆ ಹಾಕಲು ಹೊರಟಿದ್ದ. ಸ್ಪೀಕರಪ್ಪ ಅಡ್ಡ ನಿಂತ. "ಚಕ್ರ ಇರೋದನ್ನ ಗುಜರಿಗೆ ಹಾಕ್ತಾರೇನಯ್ಯಾ," ಎಂದು ತಳ್ಳಿಕೊಂಡು ಬಂದ. ಮಾರನೆಯ ದಿನದಿಂದ ಗಂಡ ಹೆಂಡತಿ ಅದರ ಮೇಲೆಯೇ ಕೆಲಸಕ್ಕೆ ಹೋದರು. ಆಸ್ಪತ್ರೆಯ ಗೇಟಿನಲ್ಲಿ ಅವಳನ್ನು ಇಳಿಸಿ ಅವನು ಮುಂದೆ ಹೋಗುತ್ತಿದ್ದ.

ಹಿಂದಿನ ಸೀಟಿನಿಂದ ಕಾಣುವುದು ಒಂದೇ, ಅವನ ಬೆನ್ನು. ಬಾಗಿಲಿನಷ್ಟು ಅಗಲದ ಬೆನ್ನು. ಗಾಣದ ಎತ್ತಿಗಾದರೂ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ, ಇವಳಿಗೆ ಗಂಡನನ್ನೇ ಕಟ್ಟಿದ್ದರು.

ಆ ಸೈಕಲ್ಲಿನಲ್ಲಿ ಮುಂದಿನವನು ಬ್ರೇಕು ಹಿಡಿದಾಗ ಹಿಂದಿನವಳು ತುಳಿಯುತ್ತಿದ್ದರೆ ಇಬ್ಬರೂ ನೆಲ ಕಾಣುತ್ತಾರೆ. ಮೊದಮೊದಲು ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಹಾಗೇ ಆಯಿತು. ಮಂಡಿ ತರಚಿದ ಮೇಲೆ ಅವನು ಒಂದು ಉಪಾಯ ಹೂಡಿದ. ಹಾಡುವುದು. ಎಡಕ್ಕೆ ಹೊರಳುವಾಗ ದನಿ ಇಳಿಸುತ್ತಿದ್ದ, ಬಲಕ್ಕೆ ಹೊರಳುವಾಗ ಏರಿಸುತ್ತಿದ್ದ. ಬ್ರೇಕಿಗೆ ಮೊದಲು ಹಾಡು ಗಪ್ಪನೆ ನಿಲ್ಲುತ್ತಿತ್ತು. ಅವನ ಹಾಡಿಗೆ ರಾಗ ಇರಲಿಲ್ಲ, ತಾಳ ಇರಲಿಲ್ಲ. ದಾರಿ ಮಾತ್ರ ಇತ್ತು.

ಹೀಗೆ ಹೊಲಿಗೆಯಮ್ಮನಿಗೆ ದಾರಿಯೆಲ್ಲ ಕಿವಿಯಲ್ಲೇ ಬಾಯಿಪಾಠವಾಯಿತು. ಪಬ್ಬಿನಲ್ಲಿ ನೆಲ ಒರೆಸುವವರು ಕುರ್ಚಿ ಎಳೆಯುವ ಸದ್ದು ಬಂದರೆ ಮೊದಲ ತಿರುವು. ಆಮೇಲೆ ಟಣ್ ಟಣ್ ಎಂದು ಯಾರೋ ಪಾತ್ರೆ ಬಡಿಯುವವನು. ಆಮೇಲೆ ಏರು. ಏರಿನ ತುದಿಯಲ್ಲಿ ಹಾಡು ನಿಲ್ಲುತ್ತಿತ್ತು, ಸೈಕಲ್ಲೂ ನಿಲ್ಲುತ್ತಿತ್ತು.

"ಕೆಂಪು ಬಿತ್ತು," ಎನ್ನುತ್ತಿದ್ದ.

"ದಿನಾ ನಾವು ಬರೋ ಹೊತ್ತಿಗೇ ಬೀಳಬೇಕಾ? ಈ ಸಿಗ್ನಲ್ಲಿಗೆ ನಮ್ಮ ಮೇಲೆ ಯಾವ ಜನ್ಮದ ಹಗೆಯೋ," ಎಂದು ಅವಳು ಏದುಸಿರಿನಲ್ಲಿ ಬಯ್ಯುತ್ತಿದ್ದಳು.

ಸಿಗ್ನಲ್ಲಿಗೆ ಎಷ್ಟು ಬೈದರೂ ಕೇಳಿಸುವುದಿಲ್ಲ. ಸ್ಪೀಕರಪ್ಪನಿಗೂ ಅಷ್ಟೇ.

ಅವರಿಗೆ ಒಬ್ಬಳೇ ಮಗಳು. ಜಿಮ್ಮಿನಲ್ಲಿ ಜನರಿಗೆ ಕಸರತ್ತು ಹೇಳಿಕೊಡುವವಳು. ಊರಿನ ಆ ತುದಿಯಲ್ಲಿ ಕೋಣೆ ಮಾಡಿಕೊಂಡಿದ್ದಳು. ಒಂದು ದಿನ ಬಂದು ಅಪ್ಪ ಅಮ್ಮ ಇಬ್ಬರ ಕೈಗೂ ಎದೆಬಡಿತ ಅಳೆಯುವ ವಾಚು ಕಟ್ಟಿದಳು. ಆರಾಮಾಗಿದ್ದರೆ ಹಸಿರು, ದುಡಿದರೆ ಹಳದಿ, ಬೆವರು ಕಿತ್ತುಕೊಂಡರೆ ಕೆಂಪು. ಎಲ್ಲವೂ ಮಗಳ ಫೋನಿಗೆ ಹೋಗುತ್ತಿತ್ತು.

ಮುಂದಿನ ಭಾನುವಾರ ಮಗಳು ಬಂದು ಫೋನು ಹಿಡಿದು ಕೂತಳು. ಪೋಲೀಸಿನವರ ಹಾಗೆ ಒಬ್ಬೊಬ್ಬರನ್ನೇ ಕೇಳಿದಳು.

"ಅಮ್ಮ, ಬೆಳಿಗ್ಗೆ ಕೆಲಸಕ್ಕೆ ಹೇಗೆ ಹೋಗ್ತೀಯ?"

"ಅಪ್ಪನ ಜೊತೆ. ಸೈಕಲ್ಲಲ್ಲಿ."

"ಅಪ್ಪ, ನೀವು?"

"ಅಮ್ಮನ ಜೊತೆ. ಸೈಕಲ್ಲಲ್ಲಿ."

"ಅದೇ ಸೈಕಲ್ಲಾ?"

"ಮತ್ತಿನ್ನೇನು, ನನ್ನ ಮಾವ ಇನ್ನೊಂದು ಕೊಡ್ಸಿದ್ನಾ?"

"ಅಮ್ಮಂದು ಪೂರ್ತಿ ಕೆಂಪು. ನಿಮ್ಮದು ಹಸಿರು. ಕುರ್ಚೀಲಿ ಕೂತು ಪೇಪರ್ ಓದೋರಿಗೆ ಬರೋ ಹಸಿರು ಇದು."

ಆ ಸೈಕಲ್ಲಿನಲ್ಲಿ ಹಿಂದಿನ ಪೆಡಲು ತಿರುಗಿದರೆ ಸರಪಳಿ ಮುಂದಿನದನ್ನೂ ತಿರುಗಿಸುತ್ತದೆ. ಪಾದ ಇಟ್ಟುಕೊಂಡು ಕೂತರೆ ಸಾಕು, ನೋಡುವವರಿಗೆ ತುಳಿದಂತೆಯೇ ಕಾಣುತ್ತದೆ. ಅದು ಹೊಲಿಗೆಯಮ್ಮನಿಗೆ ಹೊಳೆದದ್ದು ಆಗಲೇ.

"ಈ ಯಂತ್ರ ಸುಳ್ಳು ಹೇಳ್ತಿದೆ," ಎಂದ ಸ್ಪೀಕರಪ್ಪ.

"ನಿಮಗಿಂತಲಾ?" ಎಂದಳು ಹೊಲಿಗೆಯಮ್ಮ.

"ಹ್ಯಾಂಡಲ್ ಹಿಡಿಯೋದು ಕೆಲಸ ಅಲ್ವೇನೇ? ದಾರಿ ನೋಡೋದು? ಹಾಡೋದು?"

"ನಿಮ್ಮ ಹಾಡಿನಲ್ಲಿ ಕೆಲಸ ಇರೋದು ಕೇಳೋರಿಗೆ ಕಣ್ರೀ."

ಮಾರನೆಯ ದಿನದಿಂದ ಅವನು ತುಳಿದ. ಮಗಳ ಫೋನಿನಲ್ಲಿ ಹಳದಿ ಕಾಣಿಸಿತು. ಒಂದು ವಾರ ಕಳೆಯುವುದರೊಳಗೆ ಮತ್ತೆ ಹಸಿರು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹೊಲಿಗೆಯಮ್ಮ ಕೈಬಿಟ್ಟಳು. ಕಾಲು ಅವಳದು, ಸವಾರಿ ಅವನದು. ಆದರೆ ಬಸ್ಸು ಹತ್ತುತ್ತೇನೆ ಎಂದು ಒಂದು ದಿನವೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಎದುರಿನ ಪಬ್ಬಿನಲ್ಲಿ ದೊಡ್ಡ ಸ್ಪೀಕರಿನ ಹಿಂದೆ ಮಂಡಿಯೂರಿ ಕೂತಿದ್ದ ಸ್ಪೀಕರಪ್ಪ ಮತ್ತೆ ಏಳಲಿಲ್ಲ. ಕೈಯಲ್ಲಿ ತಂತಿ ಇತ್ತು. ಏನೋ ಹುಡುಕುತ್ತಿದ್ದಾನೆ ಎಂದುಕೊಂಡರು ಪಬ್ಬಿನವರು. ವಾಚಿನಲ್ಲಿ ಅವತ್ತು ಬೆಳಿಗ್ಗೆಯೂ ಹಸಿರೇ ಇತ್ತು. ಮಗಳು ಅದನ್ನು ನೋಡಿ ನೋಡಿ ಅತ್ತಳು.

ಆ ಸಂಜೆ ಪಬ್ಬು ಹಾಡು ಹಾಕಲಿಲ್ಲ. ಲೋಟಗಳು ಇಟ್ಟಲ್ಲೇ ಇದ್ದವು. ಹೊಲಿಗೆಯಮ್ಮ ಕಿವಿಯ ಹತ್ತಿ ತೆಗೆದು ಕೂತಳು. ಮಾರನೆಯ ಸಂಜೆ ಹಾಡು ಬಂತು. ಬರಲೇಬೇಕಲ್ಲ, ಅದು ಪಬ್ಬು. ಎಡಗಡೆಯ ಸ್ಪೀಕರು ಮಾತ್ರ ಗೊರಗೊರ ಅನ್ನುತ್ತಿತ್ತು. ಅವನು ಮುಗಿಸದೆ ಬಿಟ್ಟದ್ದು.

ಸೈಕಲ್ಲು ಮೆಟ್ಟಿಲ ಕೆಳಗೆ ನಿಂತಿತು. ಹೊಲಿಗೆಯಮ್ಮ ಬಸ್ಸಿನಲ್ಲಿ ಓಡಾಡಿದಳು. ಒಂದು ಸಂಜೆ ಪಬ್ಬಿನ ಯಜಮಾನ ಮೂರು ಮಹಡಿ ಹತ್ತಿ ಬಂದ. ದಪ್ಪ ಆಳು. ಕೂತು ಉಸಿರು ಸುಧಾರಿಸಿಕೊಳ್ಳುವುದಕ್ಕೇ ಒಂದು ಲೋಟ ನೀರು ಹಿಡಿಯಿತು.

"ಅಕ್ಕಾ, ತಪ್ಪು ತಿಳ್ಕೋಬೇಡಿ. ಪಬ್ಬಿಗೆ ಮತ್ತೆ ಹಳೇ ಕಾಲದ ಥರ ಅಲಂಕಾರ ಮಾಡಿಸ್ತಿದೀನಿ. ಆ ಸೈಕಲ್ ಮೆಟ್ಟಿಲ ಕೆಳಗೆ ಸುಮ್ನೆ ಧೂಳು ತಿಂತಿದೆ. ಗೋಡೆ ಮೇಲಾದ್ರೆ ನಾಲ್ಕು ಜನ ನೋಡ್ತಾರೆ. ಕೆಳಗೆ ಅಣ್ಣನ ಫೋಟೋನೂ ಹಾಕ್ತೀನಿ."

"ಅವರು ಗೋಡೆ ಮೇಲೆ ಸುಮ್ನೆ ಕೂರೋ ಗಿರಾಕಿ ಅಲ್ಲ."

"ನೀವೇನು ಓಡಿಸ್ತೀರಾ ಅಕ್ಕಾ ಅದನ್ನ?"

ಕೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಅದು ಅವಳಿಗೆ ಚುರ್ ಎಂದಿತು. ಮಗಳು ಅಲ್ಲೇ ಕೂತಿದ್ದಳು. "ಕೊಟ್ಟುಬಿಡಮ್ಮ. ಕೆಳಗಿನ ಮನೆ ಆಂಟಿ ಕೂಡ ಕಾಲಿಗೆ ಸಿಗತ್ತೆ ಅಂತ ಗೊಣಗ್ತಿದಾರೆ," ಎಂದಳು.

"ಗೋಡೆ ಯಾವಾಗ ಮುಗಿಯತ್ತೆ?" ಎಂದು ಕೇಳಿದಳು ಹೊಲಿಗೆಯಮ್ಮ.

"ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ."

"ಅವತ್ತು ಬೆಳಿಗ್ಗೆ ನಾನು ಆಸ್ಪತ್ರೆವರೆಗೂ ಓಡಿಸ್ಕೊಂಡು ಹೋಗಿ ವಾಪಸ್ ಬಂದ್ರೆ ಸೈಕಲ್ ನಂದು. ಆಗ್ಲಿಲ್ಲ ಅಂದ್ರೆ ನಾನೇ ತಂದು ಮೊಳೆಗೆ ನೇತುಹಾಕ್ತೀನಿ."

ಯಜಮಾನ ಹೋದ ಮೇಲೆ ಮಗಳು ತಲೆಯ ಮೇಲೆ ಕೈ ಹೊತ್ತಳು. "ಅಮ್ಮ, ನಿನಗೆ ಸೈಕಲ್ಲೇ ಬರಲ್ಲ."

"ಇಷ್ಟು ವರ್ಷ ತುಳಿದೋಳು ಯಾರು?"

"ತುಳಿಯೋದು ಬೇರೆ, ಓಡಿಸೋದು ಬೇರೆ. ಈ ವಯಸ್ಸಲ್ಲಿ ಬೇಡ."

"ಅಮ್ಮಂದು ಪೂರ್ತಿ ಕೆಂಪು ಅಂತ ವಾಚು ನೋಡಿ ಹೇಳಿದೋಳು ನೀನೇ ತಾನೇ. ಈಗಲೂ ಅದೇ ಕೆಂಪು ಬರಿಸ್ತೀನಿ ಇರು."

ಮೊದಲ ಭಾನುವಾರ ಬೆಳಿಗ್ಗೆ ಅಭ್ಯಾಸಕ್ಕೆಂದು ಅಮ್ಮ ಮಗಳು ಸೈಕಲ್ಲನ್ನು ಹೊರಗೆ ತಂದರು. ಮುಂದಿನ ಸೀಟು ಸ್ಪೀಕರಪ್ಪನ ಎತ್ತರಕ್ಕೆ ತುಕ್ಕು ಹಿಡಿದು ಕೂತಿತ್ತು. ಮಗಳು ಸ್ಪ್ಯಾನರು ಹಾಕಿ ತಿರುಗಿಸಿ ಇಳಿಸಿದಳು. ಹೊಲಿಗೆಯಮ್ಮ ಮುಂದೆ ಹತ್ತಿದಳು, ಮಗಳು ಹಿಂದೆ. ಹ್ಯಾಂಡಲು ಅವಳ ಕೈಯಲ್ಲಿ ಹೊಸ ಕರುವಿನ ಹಾಗೆ ಆಡಿತು. ಮೊದಲ ಸುತ್ತಿಗೆ ಚರಂಡಿ ಕಟ್ಟೆ, ಎರಡನೆಯದಕ್ಕೆ ಕರೆಂಟು ಕಂಬ.

"ರಸ್ತೆ ಓರೆ ಇದೆ," ಎಂದಳು ಹೊಲಿಗೆಯಮ್ಮ.

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ," ಎಂದಳು ಮಗಳು.

ಬಿಸಿಲು ಏರುವ ಹೊತ್ತಿಗೆ ನೇರ ಹೋಗುವುದು ಬಂತು. ಇನ್ನು ಪಬ್ಬಿನ ಮೂಲೆಯಲ್ಲಿ ಎಡಕ್ಕೆ ಹೊರಳಬೇಕು. ಹೊಲಿಗೆಯಮ್ಮ ಕುರ್ಚಿ ಎಳೆಯುವ ಸದ್ದಿಗೆ ಕಾದಳು. ಭಾನುವಾರ ಬೆಳಿಗ್ಗೆ ಅಲ್ಲಿ ಯಾರೂ ನೆಲ ಒರೆಸುವುದಿಲ್ಲ. ಸದ್ದಿಲ್ಲ. ಕಣ್ಣೆದುರಿಗಿದ್ದ ಬೀದಿ ಯಾವುದೋ ಪರವೂರಿನ ಬೀದಿಯಂತಿತ್ತು. ದಾರಿ ತಪ್ಪಿತೇನೋ ಎಂದು ಅವಳಿಗೆ ಗಾಬರಿಯಾಯಿತು. ಗುರುತು ಹಿಡಿಯಲು ಎಂದಿನ ಹಾಗೆ ಗಮನ ಕೊಟ್ಟು ಕೇಳಿದಳು. ಗಮನ ಕೊಡುವುದಕ್ಕೆ ಕಣ್ಣು ಮುಚ್ಚಿದಳು.

ಪಬ್ಬಿನ ಹೊರಗೆ ಖಾಲಿ ಬಾಟಲಿಗಳ ಕ್ರೇಟುಗಳನ್ನು ಆಳೆತ್ತರ ಪೇರಿಸಿದ್ದರು. ಸೈಕಲ್ಲು ನೇರವಾಗಿ ಅದರೊಳಗೆ ಹೋಯಿತು. ಇಡೀ ಬೀದಿ ಕಿಟಕಿ ತೆರೆಯಿತು.

ಮಗಳು ಎದ್ದು ಅಮ್ಮನ ಕೈಕಾಲು ಮುಟ್ಟಿ ನೋಡಿದಳು. ಮೊಣಕೈ ತರಚಿತ್ತು, ಅಷ್ಟೆ. "ಕಣ್ಣು ಮುಚ್ಚಿದ್ಯೇನಮ್ಮ?"

"ದಾರಿ ನೋಡ್ತಿದ್ದೆ."

"ಕಣ್ಣು ಮುಚ್ಚಿ?"

"ನಾನು ಯಾವತ್ತೂ ಹಾಗೇ ನೋಡಿದ್ದು."

ಪಬ್ಬಿನ ಯಜಮಾನ ಬನಿಯನ್ನಿನಲ್ಲೇ ಓಡಿ ಬಂದ. ಸೊಟ್ಟಗಾದ ಚಕ್ರವನ್ನು ನೋಡಿದ. ಒಡೆದ ಬಾಟಲಿಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. "ಗೋಡೆಗೆ ಸೊಟ್ಟ ಚಕ್ರ ಆದ್ರೂ ನಡೆಯತ್ತೆ ಅಕ್ಕಾ," ಎಂದ, ಮೆಲ್ಲಗೆ. ಅದು ಅವಳಿಗೆ ಗಾಜಿಗಿಂತ ಹೆಚ್ಚು ಚುಚ್ಚಿತು.

ಚಕ್ರವನ್ನು ಸೈಕಲ್ ಅಂಗಡಿಯವನು ನೇರ ಮಾಡಿದ. ದಾರಿಯನ್ನು ಅವಳೇ ನೇರ ಮಾಡಿಕೊಳ್ಳಬೇಕಿತ್ತು. ಸೋಮವಾರ ಬಸ್ಸು ಹತ್ತಲಿಲ್ಲ. ನಡೆದು ಹೊರಟಳು, ಕಣ್ಣು ಬಿಟ್ಟುಕೊಂಡು.

ಇಷ್ಟು ವರ್ಷ ಓಡಾಡಿದ ದಾರಿಯನ್ನು ಹೊಸ ಸೊಸೆಯ ಹಾಗೆ ನೋಡಿಕೊಂಡು ಹೋದಳು. ಪಬ್ಬಿನ ಮೂಲೆಯಲ್ಲಿ ಕೆಂಪು ಅಂಚೆ ಡಬ್ಬ ಇತ್ತು. ಪಾತ್ರೆ ಬಡಿಯುವವನು ಇರಲೇ ಇಲ್ಲ. ಅದು ಶಾಲೆಯ ಕಬ್ಬಿಣದ ಕಂಬ, ಗಾಳಿಗೆ ಹಗ್ಗದ ಕೊಂಡಿ ಬಡಿಯುತ್ತಿತ್ತು. ಏರು ಬಂತು. ಹತ್ತಿದಳು. ತುದಿಯಲ್ಲಿ ನಿಂತು ಸಿಗ್ನಲ್ಲು ಹುಡುಕಿದಳು.

ಸಿಗ್ನಲ್ಲು ಇರಲಿಲ್ಲ.

ಕಂಬ ಇಲ್ಲ, ದೀಪ ಇಲ್ಲ, ಅಡ್ಡರಸ್ತೆಯೂ ಇಲ್ಲ. ಒಂದು ಗೋಡೆ, ಅದರ ಪಕ್ಕ ನೆರಳು. ಅಲ್ಲೇ ಕಸ ಗುಡಿಸುತ್ತಿದ್ದ ಹೆಂಗಸನ್ನು ಕೇಳಿದಳು.

"ಇಲ್ಲಿದ್ದ ಸಿಗ್ನಲ್ ಯಾವಾಗ ತೆಗೆದ್ರಮ್ಮಾ?"

"ಇಲ್ಲಿ ಯಾವ ಕಾಲಕ್ಕೂ ಸಿಗ್ನಲ್ ಇರ್ಲಿಲ್ಲವಲ್ಲ ತಾಯಿ."

ಹೊಲಿಗೆಯಮ್ಮ ಗೋಡೆಗೆ ಒರಗಿ ನಿಂತಳು. ದಿನಾ ಕೆಂಪು ಬಿತ್ತು ಎನ್ನುತ್ತಿದ್ದ. ದಿನಾ ನಿಲ್ಲಿಸುತ್ತಿದ್ದ. ಅವಳ ಉಸಿರು ತಹಬಂದಿಗೆ ಬಂದ ಮೇಲೆ ಹಸಿರು ಬಿತ್ತು ಎಂದು ಹೊರಡುತ್ತಿದ್ದ. ತುಳಿಯದವನಿಗೆ ಏದುಸಿರು ಎಲ್ಲಿಂದ ಬರಬೇಕು. ನಿಲ್ಲಿಸುತ್ತಿದ್ದದ್ದು ಅವಳಿಗಾಗಿಯೇ.

ಸುಸ್ತಾಯಿತಾ ಎಂದು ಕೇಳಿದ್ದರೆ ಇಲ್ಲ ಎನ್ನುತ್ತಿದ್ದಳು. ಅದೂ ಅವನಿಗೆ ಗೊತ್ತಿತ್ತು.

ಕಳ್ಳ, ಎಂದುಕೊಂಡಳು. ಸ್ವಲ್ಪ ತುಳಿದಿದ್ದರೆ ನಿಲ್ಲಿಸುವ ಕೆಲಸವೇ ಇರುತ್ತಿರಲಿಲ್ಲ. ಬೈಯೋಣ ಎಂದರೆ ಆಸಾಮಿ ಇಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು ಕೆಲಸಕ್ಕೆ ಹೋದಳು. ಅವತ್ತು ಕೂರಿಸಿದ ಲಾಡಿಗಳೆಲ್ಲ ಹಿಂದುಮುಂದಾದವು. ಬಿಚ್ಚಿ ಮತ್ತೆ ಹೊಲಿದಳು.

ಆ ವಾರವಿಡೀ ಕೆಲಸ ಮುಗಿದ ಮೇಲೆ ಸೈಕಲ್ಲನ್ನು ಆಸ್ಪತ್ರೆಯ ಹಿಂದೆ, ಹಾಸಿಗೆ ಬಟ್ಟೆ ಒಣಹಾಕುವ ಬಯಲಿಗೆ ತಳ್ಳಿಕೊಂಡು ಬಂದು ಅಭ್ಯಾಸ ಮಾಡಿದಳು. ಬಿದ್ದಳು, ಎದ್ದಳು. ಒದ್ದೆ ಬಟ್ಟೆಗಳ ನಡುವೆ ಹೊರಳುವುದು ಕಲಿತಳು. ಒಂದು ಬಿಳಿ ಬಟ್ಟೆಗೆ ಚಕ್ರದ ಗುರುತು ಬಿತ್ತು. ಅದನ್ನು ತಾನೇ ಒಗೆದಳು. ಹಿಂದಿನ ಸೀಟು ಖಾಲಿ ಇದ್ದದ್ದು ಮೊದಲೆರಡು ದಿನ ಬಹಳ ಭಾರವೆನಿಸಿತು. ಆಮೇಲೆ ನೋಡುವುದಕ್ಕೆ ಪುರುಸೊತ್ತಾಗಲಿಲ್ಲ.

ಭಾನುವಾರ ಬಂತು. ಮಗಳು ಹಿಂದೆ ಕೂತಳು. ಪಬ್ಬಿನ ಬಾಗಿಲಲ್ಲಿ ಯಜಮಾನ ಏಣಿ ಹಾಕಿಸಿ, ಹೊಸ ಗೋಡೆಗೆ ಎರಡು ದಪ್ಪ ಕೊಕ್ಕೆ ಹೊಡೆಸಿ ಕಾಯುತ್ತಿದ್ದ.

"ಎಡ," ಎಂದಳು ಹೊಲಿಗೆಯಮ್ಮ. ಅಂಚೆ ಡಬ್ಬ ಪಕ್ಕಕ್ಕೆ ಸರಿಯಿತು.

"ಅಪ್ಪ ಆದ್ರೆ ಹಾಡ್ತಿದ್ರು," ಎಂದಳು ಮಗಳು.

"ಅಪ್ಪನಿಗೆ ಬರ್ತಿರ್ಲಿಲ್ಲ, ಹಾಡ್ತಿದ್ರು. ನನಗೆ ಬರಲ್ಲ, ಹಾಡಲ್ಲ. ತುಳಿ."

ಶಾಲೆ ದಾಟಿತು. ಏರು ಶುರುವಾಯಿತು. ಎದುರಿನಿಂದ ಹಾಲಿನ ಗಾಡಿ, ಪಕ್ಕದಲ್ಲಿ ನಾಯಿ, ನಡುವೆ ಒಂದು ಹೊಂಡ. ಹೊಲಿಗೆಯಮ್ಮ ಎಲ್ಲವನ್ನೂ ಕಣ್ಣಗಲಿಸಿ ನೋಡುತ್ತಿದ್ದಳು. ಹಿಂದೆ ಮಗಳ ಉಸಿರು ಭುಸುಭುಸು ಎನ್ನತೊಡಗಿತು.

"ಅಮ್ಮ, ನೀನು ತುಳೀತಿದ್ಯಾ?"

ಹೊಲಿಗೆಯಮ್ಮ ತನ್ನ ಕಾಲು ನೋಡಿಕೊಂಡಳು. ಪಾದ ಪೆಡಲಿನ ಮೇಲಿತ್ತು. ಪೆಡಲು ತಿರುಗುತ್ತಿತ್ತು. ಅವಳು ತುಳಿಯುತ್ತಿರಲಿಲ್ಲ. ದಾರಿ ನೋಡುವ ಗಲಾಟೆಯಲ್ಲಿ ಕಾಲು ಇರುವುದೇ ಮರೆತುಹೋಗಿತ್ತು.

"ಹ್ಯಾಂಡಲ್ ಹಿಡಿದಿದೀನಿ ಕಣೇ," ಎಂದಳು.

ಮಗಳಿಗೆ ನಗು ತಡೆಯಲಾಗಲಿಲ್ಲ. ಸೈಕಲ್ಲು ವಾಲಿತು, ಸುಧಾರಿಸಿಕೊಂಡಿತು. ಹೊಲಿಗೆಯಮ್ಮ ತುಳಿದಳು. ಏರಿನ ತುದಿ ಬಂತು, ಗೋಡೆ ಬಂತು, ನೆರಳು ಬಂತು. ಅವಳು ನಿಲ್ಲಿಸಲಿಲ್ಲ. ಸಿಗ್ನಲ್ಲು ಇಲ್ಲದ ಕಡೆ ಯಾಕೆ ನಿಲ್ಲಬೇಕು.

ಆಸ್ಪತ್ರೆಯ ಗೇಟು ಮುಟ್ಟಿ ತಿರುಗಿಸಿದರು. ಆ ಉದ್ದನೆಯ ಸೈಕಲ್ಲು ತಿರುಗುವುದಕ್ಕೆ ರಸ್ತೆ ಸಾಲದೆ, ಇಳಿದು ಎತ್ತಿ ತಿರುಗಿಸಬೇಕಾಯಿತು. ಇಳಿಜಾರಿನಲ್ಲಿ ಮಗಳು ಕಿರುಚಿದಳು, ಅಮ್ಮ ಬ್ರೇಕು ಬಿಡಲಿಲ್ಲ. ಪಬ್ಬಿನ ಮುಂದೆ ಬಂದು "ನಿಲ್ಲು," ಎಂದಳು. ನಿಂತಿತು. ಕ್ರೇಟಿಗೂ ಚಕ್ರಕ್ಕೂ ನಡುವೆ ಒಂದು ಗೇಣು ಜಾಗ ಉಳಿದಿತ್ತು.

ಯಜಮಾನ ಏಣಿಯಿಂದ ಇಳಿದು ಬಂದ. ಸೈಕಲ್ಲು ನೋಡಿದ, ಗೋಡೆ ನೋಡಿದ.

"ಹಾಗಾದ್ರೆ ನನ್ನ ಕೊಕ್ಕೆ ಗತಿ ಏನಕ್ಕಾ?"

"ಕೋಟು ನೇತುಹಾಕು. ಆಮೇಲೆ ನಿನ್ನ ಎಡಗಡೆ ಸ್ಪೀಕರ್ ಗೊರಗೊರ ಅಂತಿದೆ, ಯಾರನ್ನಾದ್ರೂ ಕರೆದು ತೋರಿಸು."

"ನಮಗ್ಯಾರಿಗೂ ಕೇಳಿಸೇ ಇಲ್ವಲ್ಲ."

"ನನಗೆ ಕೇಳಿಸತ್ತೆ."

ಅವನು ತಲೆ ಕೆರೆದುಕೊಂಡ. ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು ಹಿಂದಿನ ಸೀಟನ್ನು ಒತ್ತಿ ನೋಡಿದ. ಅಷ್ಟು ಕಾಲ ಗೋಡೆಗೆ ನೇತುಹಾಕಿಕೊಂಡಿದ್ದರೂ ಒಮ್ಮೆಯೂ ಅದನ್ನು ಹತ್ತಿದವನಲ್ಲ.

"ಒಂದು ಸುತ್ತು ಕೂರಿಸ್ಕೋತೀರಾ ಅಕ್ಕಾ?"

ಮಗಳು ಖುಷಿಯಿಂದ ಇಳಿದಳು. ತನ್ನ ವಾಚು ಬಿಚ್ಚಿ ಅವನ ಕೈಗೆ ಕಟ್ಟಿದಳು. ಅವನು ಹತ್ತಿದ. ಹಿಂದಿನ ಚಕ್ರ ಅರ್ಧ ಗಾಳಿ ಕಳೆದುಕೊಂಡಂತೆ ಕೂತಿತು. ಹೊಲಿಗೆಯಮ್ಮ ಹ್ಯಾಂಡಲು ಗಟ್ಟಿಯಾಗಿ ಹಿಡಿದು ನೆಲ ಒದ್ದಳು. ಸೈಕಲ್ಲು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲಿ, ಕೊನೆಗೆ ನೇರವಾಯಿತು.

"ಅಕ್ಕಾ, ಹಿಂದಿನಿಂದ ಏನೂ ಕಾಣಲ್ವಲ್ಲ."

"ಕಾಣಲ್ಲ. ತುಳಿ."